ಇದಕ ಯಾವ ಮಾತು ಬರ್ತದ

ಹಳೇ ಗೋಣಿಚೀಲ ಕೊಟ್ಟು ಬರೋಣು ಅಂತ ಹೋಗಿದ್ದೆ,
ಚಿದ್ರಿ ರೋಡಿನ ಆಚೆ, ಹತ್ತಿ ಗೋದಾಮು ಇದ್ದ ಜಾಗಾ.
ಈಗ ಅಲ್ಲಿ ನಲವತ್ತು ನಾಯಿ, ಒಬ್ಬ ಝರೆಪ್ಪ,
ಬೀದರದ ಡಿಸೆಂಬರ್ ಥಂಡಿ.
ಮಂದಿ ಬರ್ತಾರ್ರೀ ಟೀಚರ್, ಅಂದ.
ಬಂದು ಮರಿ ಕೇಳ್ತಾರ, ಬಿಳೇದು ಕೇಳ್ತಾರ,
ಫೋಟೋ ಹಿಡ್ಕೊಂಡು ಹೋಗ್ತಾರ.
ಒಬ್ಬಾಂವ ಕೇಳಿದ, ಇದು ಕೋಳಿ ತಿಂತದೇನು? ನಾವು ತಿನ್ನಂಗಿಲ್ಲ.
ಒಬ್ಬಾಕಿ ಒಯ್ದಳು, ಮೂರನೇ ದಿನಕ್ಕ ತಂದಳು,
ಆಟೋದಾಗ ಕೂತೇ ಹಗ್ಗ ಚಾಚಿದಳು,
ಇಳೀಲಿಲ್ಲ.

ಕಡೀ ಖೋಲಿಯೊಳಗ ಗ್ವಾಡಿಗೆ ಮಾರಿ ಹಚ್ಚಿ ಕೂತಿತ್ತೊಂದು.
ಬೆಲ್ಲದ ಬಣ್ಣ. ಎಡಗಿವಿ ಅರ್ಧ.
ಹದಿನೈದೇ ದಿನ, ಅಂದ ಝರೆಪ್ಪ, ಯಾರರ ಬರೂತನಾ.
ರಜಿಸ್ಟರಿನಾಗ ಸಹಿ ಮಾಡಿದೆ.
ಖಾಯಂ ಅಲ್ಲ ಅಂತ ಬರೆದು ಕೆಳಗ ಎರಡು ಗೆರಿ ಎಳೆದೆ.

ವೈಜಿನಾಥರು ಏನೂ ಅನಲಿಲ್ಲ.
ಹಾಲಿನ ಲೆಕ್ಕದ ಕ್ಯಾಲೆಂಡರದಾಗ
ಹದಿನೈದು ಮನಿ ಎಣಿಸಿ ಒಂದು ಗುಂಡು ಹಾಕಿದರು.

ಬಾ ಅಂದೆ. ಬರಲಿಲ್ಲ.
ಬಾರೋ, ಬಾರಪ್ಪಾ, ಬಾ ಮಗನ.
ಹತ್ತೊಂಬತ್ತು ವರ್ಷದಿಂದ ಕನ್ನಡ ಕಲಸಾಕಿ ನಾನು,
ನನ್ನ ಒಂದು ಬಾ ಅದರ ಅರ್ಧ ಕಿವಿಗೂ ಹೋಗಲಿಲ್ಲ.
ಕಿವುಡ ಇರಬೇಕು, ಅಂದರು ಇವರು.
ನಾಲ್ಕನೇ ದಿನ ಬಾಜೂ ಮಾಳಿಗಿ ಮ್ಯಾಲಿಂದ ರಫತ್‌ಬೀ
ಮೊಮ್ಮಗನ್ನ ಕೂಗಿದಳು: ಆವ್ ಬೇಟಾ, ಖಾನಾ ಖಾ.
ನಾಯಿ ಎದ್ದು ನಿಂತಿತು.
ಬಾಲದ ತುದಿ ಒಂದು ಸಲ, ಬರೇ ಒಂದು ಸಲ, ಆಡಿತು.

ಅವತ್ತಿನಿಂದ ನಾನು ಸಾಲಿಗೆ ಸೇರಿದೆ.
ಕಂಪೌಂಡಿನ ಆಚೆಯಿಂದ ಪಾಠ. ಆವ್. ಬೈಠ್. ಲೇ, ಖಾ.
ನಿಮ್ಮ ಖ ಭಾಳ ಬಿರುಸು, ಅಂತ ನಗ್ತಾಳ ರಫತ್‌ಬೀ.
ಯಾರ ಮನಿಯದು, ಯಾಕ ಬಿಟ್ಟರು, ಅದು ಹೇಳಂಗಿಲ್ಲ.
ಅದರ ಹತ್ತಿರ ಇರೂವು ಐದಾರು ಮಾತು,
ಅವೂ ಯಾರೋ ಕೊಟ್ಟವು.

ಒಂದು ರಾತ್ರಿ ಬೊಗಳಿತು, ಮೊದಲ ಸಲ.
ಖುಷಿ ಆಗಬೇಕಿತ್ತು.
ಪರೀಕ್ಷಾ ಪೇಪರು ತಿದ್ದುತ್ತ ಕೂತಿದ್ದೆ, ರೂಢಿಯಂಗ ಬಾಯಿಗೆ ಬಂತು:
ಚುಪ್.
ಹೊಟ್ಟಿ ನೆಲಕ್ಕ ಹಚ್ಚಿ, ತೆವಳಿ ತೆವಳಿ,
ಹೊಲಿಗಿ ಮಶೀನಿನ ಕೆಳಗ ಹೋತು.
ಉಚ್ಚಿ ಶಹಾಬಾದ ಕಲ್ಲಿನ ಸಂದಿ ಹಿಡಿದು
ನನ್ನ ಕಾಲಿನ ತನಕ ಬಂತು. ಬೆಚ್ಚಗಿತ್ತು.

ಆ ಮಾತು ಐದನೇತ್ತಾ ಹುಡುಗರಿಗೆ
ದಿನಾ ಎಷ್ಟು ಸಲ ಅಂದೀನಿ, ಡಸ್ಟರ್ ಮೇಜಿಗೆ ಬಡಿದು?
ಮರುದಿನ ಗದ್ದಲದಾಗ ಬಾಯಿ ತೆರೆದೆ, ಮುಚ್ಚಿದೆ.
ಹಿಂದಿನ ಸಾಲಿನ ಇಸಾಕ, ವರ್ಷಿಡೀ ನನ್ನ ಮುಂದ ತುಟಿ ಬಿಚ್ಚದಾಂವ,
ತಲಿ ಎತ್ತಿ ನೋಡ್ಲತಿದ್ದ, ಮುಂದ ಏನು ಅಂತ.
ಏನೂ ಇಲ್ಲ.
ಗದ್ದಲ ತಾನಾಗೇ ಮುಗೀತು.
ಮುಗೀಲಿಲ್ಲ, ಖರೇ ಅಂದರ ಗಂಟಿ ಹೊಡೀತು.

ಹನ್ನೆರಡನೇ ದಿನ ಔರಾದದಿಂದ ಬಂದರು,
ತುಕಾರಾಮ, ಹಳದಿ ಸ್ವೆಟರಿನ ಅವನ ಮಗಳು. ಮರಾಠಿ ಮನಿ.
ಹುಡುಗಿ ನಾಯಿ ಕಡೆ ನೋಡಲೇ ಇಲ್ಲ.
ಬೆನ್ನು ತಿರುಗಿಸಿ ಕೂತು ಶೇಂಗಾ ಸುಲೀತಾ ಹೋದಳು.
ಅರ್ಧ ತಾಸಿಗೆ ಅದು ತಾನೇ ಬಂದು
ಅವಳ ಬೆನ್ನಿಗೆ ಬೆನ್ನು ಆನಿಸಿತು.
ಯಾವ ಸಾಲ್ಯಾಗ ಕಲಿತಳೋ.

ಚೀಟಿ ಬರೆದು ಕೊಟ್ಟೆ, ಬೋರ್ಡಿನ ಮ್ಯಾಲೆ ಬರ್ದಂಗ, ದುಂಡಗ:
ಆವ್ ಅಂದರ ಬರ್ತದ.
ಬಾ ಅಂದರೂ ಈಗ ಬರ್ತದ, ಜರಾ ತಡಾ ಮಾಡಿ.
ನೀವು ಯೇ ಅನ್ರಿ, ಅದೂ ಕಲೀತದ.
ಇನ್ನೊಂದು ಮಾತು ಬರೀಲಿಲ್ಲ.
ಅದನ್ನ ತುಕಾರಾಮಗ ಹೊರಗ ಕರದು ಹೇಳಿದೆ,
ನಾಯಿಗೆ ಕೇಳಬಾರದಂಗ.

ಕ್ಯಾಲೆಂಡರದಾಗ ಮೂರು ಮನಿ ಖಾಲಿ ಉಳಿದವು.
ಗೋಣಿಚೀಲ ಒಗೀಬೇಕು, ಒಗದಿಲ್ಲ.
ನಿನ್ನೆ ಝರೆಪ್ಪನ ಫೋನು:
ಇನ್ನೊಂದು ಬಂದದ್ರೀ ಟೀಚರ್,
ಜಹೀರಾಬಾದ ಕಡಿ ಲಾರಿ ಇಳಿಸಿ ಹೋಗ್ಯದ,
ಏನಂದರೂ ತಿರುಗಿ ನೋಡವಲ್ದು. ತೆಲುಗು ಇರಬೇಕು.

ರಾ ಅನ್ನೂದು ನನಗೂ ಗೊತ್ತದ.
ಆದರ ಯಾವ ರಾ? ಬೈಯೂ ರಾನೋ, ಕರಿಯೂ ರಾನೋ?
ಕಂಪೌಂಡಿನ ಹತ್ತಿರ ಹೋಗಿ ನಿಂತೆ.
ರಫತ್‌ಬೀ, ಅಂದೆ,
ನಿಮ್ಮ ನಾದಿನಿ ನಾರಾಯಣಖೇಡದಾಕಿ ಅಲ್ಲೇನು?