ಚೊಂಬು

ಲ್ಯಾವೆಲ್ಲೆ ರಸ್ತೆ, ಮಧ್ಯಾಹ್ನ ಮೂರು, ಹೋಟೆಲಿನ ಬಾಗಿಲು ತೆರೆದಿಲ್ಲ.
"ಗ್ಲಾಸಿನ ಕಾಲು ಹಿಡಿ, ಹೊಟ್ಟೆ ಮುಟ್ಟಬೇಡ,"
ಅಂದರು ಪಿಂಟೊ ಮೇಡಂ.
"ತಿರುಗಿಸು. ಮೂಗು ಹಾಕು. ಏನು ಬಂತು?"

ಬ್ಲ್ಯಾಕ್‌ಬೆರಿ ಎನ್ನಬೇಕಿತ್ತು. ನಾನದನ್ನು ಕಂಡವನಲ್ಲ.
ಬಂದದ್ದು ನೇರಳೆ,
ಶಾಲೆಯ ಹಿಂದೆ ಉಪ್ಪು ಸವರಿ ತಿಂದು
ನಾಲಿಗೆ ಚಾಚಿ ಬಣ್ಣ ಹೋಲಿಸಿದ್ದು;
ಅದರ ಬೆನ್ನಿಗೇ
ಹುಣಸೆಹಣ್ಣಲ್ಲಿ ಉಜ್ಜಿದ ತಾಮ್ರ, ಇನ್ನೂ ಒದ್ದೆ.

"ಚೊಂಬು" ಅಂದೆ.
ಸಾಲಿನ ಆರೂ ಮಂದಿ ನಕ್ಕರು.
ಮೇಡಂ ನಗಲಿಲ್ಲ. ಮತ್ತೊಮ್ಮೆ ಮೂಸಿ
ಏನೋ ಬರೆದುಕೊಂಡರು.

ಆಮೇಲೆ ಬಕೆಟ್ಟು. ಉಗುಳಬೇಕಂತೆ.
ಅಜ್ಜಿಯ ಪೀಕದಾನಿ ತೊಳೆದ ಕೈ ಇದು, ಹೇಸಿಗೆಯಿಲ್ಲ;
ಆದರೆ ಮೆನುವಿನಲ್ಲಿ ಬೆಲೆ ಓದಿದ್ದೆ:
ಬಾಟಲಿಗೆ ನನ್ನ ಅರ್ಧ ತಿಂಗಳು.

ನುಂಗಿದೆ.
ಒಗರು ಒಸಡಿಗೆ ಹತ್ತಿ,
ಶಾಂತಿನಗರದಲ್ಲಿ ಬಸ್ಸಿಳಿದಾಗಲೂ
ಅಲ್ಲೇ ಇತ್ತು.