ಕರಕರ

ಮಾರ್ನವಮಿ ಕಳೆದ ಮಂಗಳವಾರ
ಬೈತಖೋಲದ ಶಾಣು ತಾಂಡೇಲ ಅಂಗಡಿಗೆ ಬಂದು
ಸ್ಟೂಲಿನ ಮೇಲಿದ್ದ ಬೆಕ್ಕನ್ನು ಇಳಿಸಿ ಕೂತ.
"ಹೊಸ ನಮೂನೆ ಬಂದದ್ಯಂತಲ್ಲ, ಡಿಜಿಟಲ್ಲು.
ತೋರಿಸು."

ಮೂರಿದ್ದವು.
ಒಂದಕ್ಕೆ ಹಸಿರು ಪರದೆ, ನಿಲಯದ ಹೆಸರು ಅದರಲ್ಲೇ ಓಡುತ್ತದೆ.
ಇನ್ನೊಂದು ತೆಂಗಿನ ಗರಟೆಯಷ್ಟು, ಏರಿಯಲ್ಲು ಮಾತ್ರ ಮಾರುದ್ದ.
ಮೂರನೆಯದು ದುಬಾರಿ;
ಅದನ್ನು ದಿನಾ ಒರೆಸುತ್ತೇನೆ, ಮಾರಿದ್ದಿಲ್ಲ.

ಎಲ್ಲರಿಗೂ ಹೇಳುವುದನ್ನೇ ಹೇಳಿದೆ:
ಬಣ್ಣ ಬಿಡು, ಸೆಲ್ಲಿನ ಮುಚ್ಚಳ ನೋಡು,
ಉಪ್ಪುಗಾಳಿಗೆ ಮೊದಲು ಸಾಯುವುದು ಒಳಗಿನ ಸ್ಪ್ರಿಂಗು.
ಹೊರಗಿನ ತಂತಿ ಸಿಕ್ಕಿಸಲು ತೂತು ಉಂಟೋ ನೋಡು.
ಎಲ್‌ಇಡಿ ಬಲ್ಬಿನ ಕೆಳಗೆ ಇಡಬೇಡ.
ಮೊಬೈಲ್ ಚಾರ್ಜರೂ ಇದೂ
ಒಂದೇ ಓಣಿಯ ಎರಡು ನಾಯಿ.
ಕಿಟಕಿಯಲ್ಲಿಟ್ಟು ಮೆಲ್ಲಗೆ ತಿರುಗಿಸು,
ಉಪ್ಪಿನಕಾಯಿ ಭರಣಿಯ ಮುಚ್ಚಳದ ಹಾಗೆ,
ಕಚ್ಚಿಕೊಳ್ಳುವ ತನಕ.

ಅಡ್ಡಿಲ್ಲ, ಅಂದ.

ಸಂಜೆ ಧಕ್ಕೆಯಲ್ಲಿ ಪರೀಕ್ಷೆ.
ಐಸ್ ಫ್ಯಾಕ್ಟರಿಯ ಬಾಗಿಲಲ್ಲಿ ಸೆಟ್ಟು ಮೂಕ.
ಹತ್ತು ಹೆಜ್ಜೆ ಆಚೆ, ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತಾಗ
ಒಮ್ಮೆಲೇ ಬಂತು ಧ್ವನಿ,
ಎಷ್ಟು ಸ್ವಚ್ಛ ಎಂದರೆ
ವಾರ್ತೆ ಓದುವವಳು ಉಗುಳು ನುಂಗಿದ್ದು,
ಹಾಳೆ ಮಗುಚಿದ್ದು,
ಎಲ್ಲ ನಮ್ಮ ಕಿವಿಯಲ್ಲೇ.

ನಾನು ಹಿಗ್ಗಿದೆ.
ಶಾಣು ಕಿವಿಗಿಟ್ಟ, ತೆಗೆದ, ಮತ್ತೆ ಇಟ್ಟ.
"ಕರಕರ ಎಲ್ಲಿ?"

ಇಲ್ಲ ಮಾರಾಯ, ಅದೇ ಇದರ ಹೆಚ್ಚುಗಾರಿಕೆ.
ಬಂದರೆ ಪೂರ್ತಿ ಬರ್ತದೆ, ಇಲ್ಲವಾದರೆ ಇಲ್ಲ.
ಅರ್ಧಂಬರ್ಧದ ವ್ಯವಹಾರವೇ ಇಲ್ಲ.

ಅವನು ಬಲೆಯ ರಾಶಿಯ ಮೇಲೆ ಕುಕ್ಕರಿಸಿದ.
"ಕೂರ್ಮಗಡದಾಚೆ, ಇಂಥದ್ದೇ ತಿಂಗಳು,
ಮೇಲೆ ನಕ್ಷತ್ರ, ಕೆಳಗೆ ಎಣ್ಣೆಯಂಥ ನೀರು.
ಕ್ಯಾಬಿನ್ನಿನ ಮೊಳೆಗೆ ನೇತಾಡುವ ರೇಡಿಯೋ
ಹಾಡಿನ ನಡುವೆ ಒಮ್ಮೆ, ಕರಕ್.
ಬೀಡಿ ಒಂದು ಮುಗಿಯುವಷ್ಟರಲ್ಲಿ ಮತ್ತೆ, ಕರಕ್.
ಆಮೇಲೆ ಅರ್ಧ ಬೀಡಿ.
ಆಮೇಲೆ ಒಂದೇ ದಮ್ಮು.
ಆಚೆ ದಡದಲ್ಲಿ ಕೆಮ್ಮಿದವನು
ಅಂಗಳಕ್ಕೆ ಬಂದು ಕೆಮ್ಮಿದ ಹಾಗೆ.
ಮೋಡ ಕಣ್ಣಿಗೆ ಬೀಳುವ ಮೊದಲೇ ನಾವು ಬಲೆ ಎಳೆದಾಗಿರ್ತಿತ್ತು.

ಈಗ ಮೊಬೈಲಿಗೆ ಮೆಸೇಜು ಬರ್ತದೆ. ಬರಲಿ, ಬೇಡ ಅಂದವರ್ಯಾರು?
ಆದರೆ ಈ ಪುಣ್ಯಾತ್ಮ ಬಾಯಿ ಮುಚ್ಚಿದರೆ
ಹೋದದ್ದು ಸೆಲ್ಲೋ, ಆಕಾಶವೋ,
ಹೇಗೆ ತಿಳೀಬೇಕು ನಾನು?"

ಉತ್ತರ ಇರಲಿಲ್ಲ ನನ್ನಲ್ಲಿ.
ಮೂವತ್ತೆರಡು ವರ್ಷ ಕರಕರ ತೆಗೆದೇ ಅನ್ನ ಉಂಡವನು.
ಸ್ಪಿರಿಟ್ಟಿನ ಹತ್ತಿಯಲ್ಲಿ ಉಜ್ಜಿ ಉಜ್ಜಿ
ಯಾರ್ಯಾರ ಸಿಡಿಲನ್ನು
ಗಟಾರಕ್ಕೆ ಎಸೆದೆನೋ.

ಕೊನೆಗೆ ಗರಟೆಯಂಥದ್ದನ್ನೇ ಕೊಂಡ,
ಒಣಮೀನು ಹರಡುವ ಸೊಸೆಗೆ ವಾರ್ತೆ ಸರಿ ಕೇಳಲಿ ಎಂದು.
ಮೀನಿನ ವಾಸನೆಯ ಎರಡು ನೋಟು ಈಗ, ಉಳಿದದ್ದು ಶನಿವಾರ.
ಮರುದಿನ ಹಳೆಯದನ್ನೂ ತಂದಿಟ್ಟ,
ಚರ್ಮದ ಅಂಗಿ ಹರಿದದ್ದು, ಒಂದು ಗುಬುಟು ಇಲ್ಲದ್ದು.
"ಹಾಡು ಬರದಿದ್ದರೂ ಅಡ್ಡಿಲ್ಲ.
ಅದು ಬಂದರೆ ಸಾಕು."

ಮೇಜಿನ ಮೇಲಿದೆ ಈಗ,
ಯಾವ ನಿಲಯವೂ ಇಲ್ಲದ ಜಾಗದಲ್ಲಿ ಮುಳ್ಳು ನಿಲ್ಲಿಸಿದ್ದೇನೆ.
ನಾಲ್ಕು ಗಂಟೆಗೆ, ಕರಕ್.
ಹೊರಗೆ ಚಿನ್ನದಂಥ ಬಿಸಿಲು.
ಎದುರಿನ ಟೇಲರಿಗೆ ಕೂಗಿ ಹೇಳಿದೆ,
ಹಗ್ಗದ ಬಟ್ಟೆ ತೆಗೆಯೋ.

ಅವನು ಆಕಾಶ ನೋಡಿದ,
ನನ್ನನ್ನು ನೋಡಿದ,
ಮತ್ತೆ ಮಷಿನ್ನು ತುಳಿದ.