ಗೇಣಿಗೆ ಚೂರು ಕಮ್ಮಿ

ಎರಡು ಬೆರಳಗಲ, ಉದ್ದ ಗೇಣಿಗೆ ಚೂರು ಕಮ್ಮಿ,
ನಿನ್ನ ಕಣ್ಣಮಟ್ಟಕ್ಕೆ, ಅಂದಳು ವೆರ್ನಾ ಕುಜ್ಮಿಕ್,
ಕಿತ್ತಳೆ ಬಣ್ಣದ ಡಬ್ಬಿ ನನ್ನ ಕೈಗಿಟ್ಟು.
ಪೆನ್ಸಿಲ್ವೇನಿಯಾದ ಸರ್ಕಾರಿ ಕಾಡು. ಏಪ್ರಿಲ್.
ಬಂಡೆಯ ನೆರಳಲ್ಲಿ ಇನ್ನೂ ಮುದುಡಿ ಬಿದ್ದ ಹಿಮ,
ಯಾರೋ ಒಗೆಯದೆ ಬಿಟ್ಟ ಬನಿಯನ್ನಿನಂತೆ.

ಕೆಲಸ ಇಷ್ಟೇ: ತೊಗಟೆ ಹೆರೆಯುವುದು, ಮರಕ್ಕೆ ನೋಯದಷ್ಟು.
ಬಳಿಯುವುದು. ಸುತ್ತಿ ಬಂದು
ಅದೇ ಮರದ ಬೆನ್ನಿಗೂ ಬಳಿಯುವುದು.
'ಹೋಗುವವರಿಗೊಂದು, ಬರುವವರಿಗೊಂದು.
ಕಾಡಿನಲ್ಲಿ ಅವೆರಡೂ ಬೇರೆ ಬೇರೆ ದಾರಿ.'

ಕಾಲಡಿಯ ಸಮತಟ್ಟು ಹಿಂದೊಮ್ಮೆ ರೈಲುಹಾದಿ.
ಹೆಮ್ಲಾಕ್ ಮರ ಉರುಳಿಸಿ ತೊಗಟೆಯನ್ನಷ್ಟೇ ಒಯ್ದರಂತೆ
ಚರ್ಮ ಹದಮಾಡಲು. ಸುಲಿದ ಮರ ಅಲ್ಲಲ್ಲೇ ಕೊಳೆಯಿತಂತೆ.
ಆಕೆಯ ಅಜ್ಜನೂ ಸುಲಿದವನೇ. ದಿನಕ್ಕೆ ಎಷ್ಟು ಕೂಲಿ,
ಅದನ್ನೂ ಹೇಳಿದಳು, ಮರೆತೆ.

ಹಳೆಯ ಗುರುತುಗಳು ಮರದ ಜೊತೆ ದಪ್ಪಗಾಗಿವೆ,
ಒಂದು ಓಕ್ ಮೇಲಂತೂ ಹಲ್ಲು ಕಿರಿದ ಹಾಗೆ.
'ಇದು ಆರಿನ್ ಬಳಿದದ್ದು. ಎಡಕ್ಕೆ ವಾಲಿದೆ, ನೋಡು.
ಮೂವತ್ತು ವರ್ಷ ಹೇಳಿದೆ, ನೆಟ್ಟಗೆ ಬಳಿಯೋ ಅಂತ.'
ಆರಿನ್ ಯಾರೆಂದು ನಾನು ಕೇಳಲಿಲ್ಲ.
ಆಕೆ ವಾಲಿದ್ದರ ಮೇಲೆ ವಾಲಿಸಿಯೇ ಬಳಿದಳು.

ಮೂರನೇ ಮೈಲಿಯಲ್ಲಿ ಬಿದ್ದ ಮರ.
ಗುರುತು ಆಕಾಶಕ್ಕೆ ಮುಖಮಾಡಿ ಮಲಗಿತ್ತು.
ಹಕ್ಕಿಗಳಿಗೆ ದಾರಿ ತೋರಿಸ್ತಿದೆ, ಅಂದೆ.
ವೆರ್ನಾ ನಗಲಿಲ್ಲ.

ಕಳೆದ ನವೆಂಬರಿನಲ್ಲಿ ಒಬ್ಬ ಹುಡುಗ
ಇಲ್ಲಿಂದ ನೇರ ಹೋಗಿಬಿಟ್ಟ. ನೇರ, ಅದೇ ತಪ್ಪು.
ಎರಡು ರಾತ್ರಿ. ಮೂರನೇ ಬೆಳಗ್ಗೆ ಸಿಕ್ಕ,
ಎರಡು ಗುಡ್ಡದಾಚೆ, ತೊರೆಯ ಪಕ್ಕ,
ಒಂದೇ ಬೂಟಿನಲ್ಲಿ, ಜೀವಂತ.
'ದಾರಿ ತಿರುಗಿದ್ದು ಅವನಿಗೆ ಯಾರೂ ಹೇಳಲಿಲ್ಲ.
ಯಾರೂ ಅಂದರೆ ನಾನು.
ಮಂಡಿನೋವು, ಆ ವರ್ಷ ಬಂದಿರಲಿಲ್ಲ.'

ಎದುರಿನ ಬರ್ಚ್‌ಗೆ ಎರಡು ಗುರುತು, ಒಂದರ ಮೇಲೊಂದು,
ಮೇಲಿನದು ಬಲಕ್ಕೆ ಸರಿದು: ತಿರುವಿದೆ.
ಕೈ ನಡುಗಿ ಒಂದು ಹನಿ ಜರೀಗಿಡದ ಮೇಲೆ.
ಆಮೇಲೆ ನನ್ನನ್ನು ಬಿದ್ದ ಮರದಾಚೆಗೆ ಅಟ್ಟಿದಳು:
'ಹಸಿವಾಗಿದೆ, ಕತ್ತಲಾಗ್ತಿದೆ, ನಿನಗೆ ಹದಿನಾರು,
ಹಾಗಂದುಕೊಂಡು ನೋಡು. ಕಾಣ್ತದಾ?'
ಕಾಣ್ತದೆ, ಅಂದೆ.
'ಕೂತು ನೋಡು.'
ಕೂತೆ. ಎಳೆಯ ಕೊಂಬೆಯೊಂದು ಅಡ್ಡ.
ಹೇಳಲೋ ಬೇಡವೋ ಅನ್ನುವಷ್ಟರಲ್ಲಿ
ಆಕೆ ಜೇಬಿನಿಂದ ಕತ್ತರಿ ತೆಗೆದಿದ್ದಳು.